8,000 ವೋಲ್ಟ್ ಬೇಲಿ ಒದೆಯುತ್ತದೆ, 230 ವೋಲ್ಟ್ ಕೊಲ್ಲುತ್ತದೆ: ಏಕೆ?

ಪ್ರಶ್ನೆ: ಆನೆ ಬಾರದಿರಲೆಂದು ಸಕಲೇಶಪುರದ ನಮ್ಮ ಕಾಫಿ ತೋಟಕ್ಕೆ ಸೋಲಾರ್ ಬೇಲಿ ಹಾಕಿಸಿದ್ದೇವೆ. ಮೀಟರ್ 8 ಕಿಲೋವೋಲ್ಟ್ ತೋರಿಸುತ್ತದೆ. ಅಕಸ್ಮಾತ್ ತಂತಿ ಮುಟ್ಟಿದ ಆಳು ಹೌಹಾರಿ ಹಿಂದಕ್ಕೆ ಬಿದ್ದ, ಬೇರೇನೂ ಆಗಲಿಲ್ಲ. ಮನೆಯ 230 ವೋಲ್ಟ್ ಮಾತ್ರ ಜೀವ ತೆಗೆಯುತ್ತದೆ. ಇದು ಹೇಗೆ? ಬೇಸಿಗೆಯಲ್ಲಿ ಬೇಲಿ ಸರಿಯಾಗಿ ಶಾಕ್ ಹೊಡೆಯುವುದಿಲ್ಲ, ಅದೇಕೆ?

ಉತ್ತರ: ಎಷ್ಟು ವೋಲ್ಟ್ ಎಂದು ಕೇಳುವ ಮೊದಲು ಎಷ್ಟು ಹೊತ್ತು ಎಂದು ಕೇಳಬೇಕು. ಬೇಲಿಗೆ ಪಲ್ಸ್ (ಕರೆಂಟಿನ ಚಿಕ್ಕ ಹೊಡೆತ) ಕಳಿಸುವ ಎನರ್ಜೈಸರ್ ಡಬ್ಬಿಯೊಳಗೆ 12 ವೋಲ್ಟ್ ಬ್ಯಾಟರಿ ಮೊದಲು ಒಂದು ಕೆಪಾಸಿಟರನ್ನು, ಅಂದರೆ ಚಾರ್ಜ್ ಕೂಡಿಡುವ ಬಿಡಿಭಾಗವನ್ನು, ತುಂಬುತ್ತದೆ. 16 ಮೈಕ್ರೋಫ್ಯಾರಡ್ ಕೆಪಾಸಿಟರ್ 600 ವೋಲ್ಟಿಗೆ ತುಂಬಿತೆನ್ನಿ, ಅದರಲ್ಲಿರುವುದು ಸುಮಾರು 2.9 ಜೌಲ್. ಥೈರಿಸ್ಟರ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ ಆನ್ ಆದ ಕೂಡಲೇ ಅಷ್ಟೂ ವೋಲ್ಟ್ ಏರಿಸುವ ಟ್ರಾನ್ಸ್‌ಫಾರ್ಮರ್ ಮೂಲಕ ತಂತಿಗೆ ಸುರಿದು, ಒಂದು ಮಿಲಿಸೆಕೆಂಡಿನೊಳಗೆ ಮುಗಿದುಹೋಗುತ್ತದೆ. ಆ ಕ್ಷಣದಲ್ಲಿ ಮೈಯಲ್ಲಿ ಕೆಲವು ಆಂಪಿಯರ್ ಕರೆಂಟೇ ಹರಿಯಬಹುದು! ಆಮೇಲೆ ಮುಂದಿನ ಪಲ್ಸ್ ಬರುವವರೆಗೆ ತಂತಿಯಲ್ಲಿ ಏನೂ ಇಲ್ಲ. ಬೇಲಿ ಎನರ್ಜೈಸರ್‌ಗಳ ಅಂತರರಾಷ್ಟ್ರೀಯ ಸುರಕ್ಷತಾ ಮಾನದಂಡ ಐಇಸಿ 60335-2-76ರ ಮಿತಿಯೂ ಇದೇ ಜಾಡಿನದು: ಎರಡು ಪಲ್ಸ್‌ಗಳ ನಡುವೆ ಕನಿಷ್ಠ 1 ಸೆಕೆಂಡ್ ಬಿಡುವು, 500 ಓಮ್ ಲೋಡಿಗೆ ಒಂದು ಪಲ್ಸ್‌ನಲ್ಲಿ ಹೆಚ್ಚೆಂದರೆ 5 ಜೌಲ್.

ಈಗ ನರದ ಕಡೆ ಬನ್ನಿ. ನರದ ಪೊರೆಯ ಒಳಗೂ ಹೊರಗೂ ಸುಮಾರು 70 ಮಿಲಿವೋಲ್ಟ್ ವ್ಯತ್ಯಾಸವಿರುತ್ತದೆ. ಅದನ್ನು 15 ಮಿಲಿವೋಲ್ಟ್‌ನಷ್ಟು ಇಳಿಸಿದರೆ ಸಾಕು, ನರ ತಾನೇ ಕೆರಳಿ ಸಂಕೇತ ಕಳಿಸುತ್ತದೆ. ಆದರೆ ಪೊರೆಯೂ ಒಂದು ಕೆಪಾಸಿಟರ್. ಅದರ ಚಾರ್ಜ್ ಬದಲಾಗಲು ಸಮಯ ಹಿಡಿಯುತ್ತದೆ. ಪಲ್ಸ್ ಚಿಕ್ಕದಾದಷ್ಟೂ ಹೆಚ್ಚು ಕರೆಂಟ್ ಬೇಕು. ಈ ಲೆಕ್ಕವನ್ನು 1901ರಲ್ಲಿ ಫ್ರಾನ್ಸಿನ ವಿಜ್ಞಾನಿ ವೈಸ್ ಕೊಟ್ಟರು. ಮುಂದೆ ಅಲ್ಲಿನವರೇ ಆದ ಲಾಪಿಕ್ ಇದರಲ್ಲಿನ ಎರಡು ಅಳತೆಗಳಿಗೆ ಹೆಸರಿಟ್ಟರು. ಪಲ್ಸ್ ಎಷ್ಟೇ ಉದ್ದವಿದ್ದರೂ ಬೇಕೇಬೇಕಾದ ಕನಿಷ್ಠ ಕರೆಂಟ್ ರಿಯೋಬೇಸ್. ಅದರ ಎರಡರಷ್ಟು ಕರೆಂಟ್ ಕೊಟ್ಟಾಗ ಸಾಕಾಗುವ ಅವಧಿ ಕ್ರೋನಾಕ್ಸಿ.

ದಪ್ಪ ಮೋಟಾರ್ ನರದ ಕ್ರೋನಾಕ್ಸಿ 0.2 ಮಿಲಿಸೆಕೆಂಡಿನ ಆಸುಪಾಸು, ಹೃದಯದ ಸ್ನಾಯುವಿನದು 3 ಮಿಲಿಸೆಕೆಂಡಿನ ಆಸುಪಾಸು. ಬೇಕಾದ ಕರೆಂಟ್ ತಿಳಿಯಲು ಕ್ರೋನಾಕ್ಸಿಯನ್ನು ಪಲ್ಸ್ ಅವಧಿಯಿಂದ ಭಾಗಿಸಿ, ಒಂದು ಕೂಡಿಸಿ, ರಿಯೋಬೇಸಿನಿಂದ ಗುಣಿಸಿ. 0.1 ಮಿಲಿಸೆಕೆಂಡಿನ ಪಲ್ಸ್‌ಗೆ ನರ ತನ್ನ ರಿಯೋಬೇಸಿನ 3 ಪಟ್ಟು ಕೇಳುತ್ತದೆ, ಹೃದಯ ತನ್ನದರ 31 ಪಟ್ಟು ಕೇಳುತ್ತದೆ. ಹಾಗಾಗಿ ಬೇಲಿಯ ಪಲ್ಸ್‌ಗೆ ನರ ಉರಿದು ಚೀರುತ್ತದೆ, ಸ್ನಾಯು ಒಮ್ಮೆ ಸೆಟೆದು ಬಿಡುತ್ತದೆ, ಹೃದಯಕ್ಕೆ ಸುದ್ದಿಯೇ ಮುಟ್ಟುವುದಿಲ್ಲ. ನಿಮ್ಮ ಆಳನ್ನು ಹಿಂದಕ್ಕೆ ತಳ್ಳಿದ್ದು ಅವನದೇ ಸ್ನಾಯು.

ಮನೆಯ ಕರೆಂಟಿನ ಪ್ರತಿ ಅರ್ಧ ಅಲೆ 10 ಮಿಲಿಸೆಕೆಂಡ್. ಅಷ್ಟು ಉದ್ದಕ್ಕೆ ಹೃದಯವೂ 1.3 ಪಟ್ಟಿಗೇ ಸ್ಪಂದಿಸುತ್ತದೆ. ಸೆಕೆಂಡಿಗೆ 50 ಪೂರ್ತಿ ಅಲೆ ಬಂದಾಗ ಸ್ನಾಯುವಿಗೆ ಸಡಿಲಗೊಳ್ಳಲು ಬಿಡುವಿಲ್ಲ. 10 ಮಿಲಿಆಂಪಿಯರ್ ದಾಟಿದರೆ ಮುಷ್ಟಿ ಬಿಗಿದು ತಂತಿ ಬಿಡಲಾಗುವುದಿಲ್ಲ. ಒದ್ದೆ ಮೈಯ ರೋಧ 1,000 ಓಮ್ ಎಂದಿಟ್ಟುಕೊಂಡರೂ 230 ವೋಲ್ಟಿಗೆ 230 ಮಿಲಿಆಂಪಿಯರ್ ಹರಿಯುತ್ತದೆ. ಹೃದಯ ಲಯ ತಪ್ಪಲು ಅದು ಧಾರಾಳ. ಬೇಲಿಗೆ ನೇರವಾಗಿ ಮನೆಯ ಲೈನ್ ಕೊಡುವುದು ಅಪರಾಧ, ಅದರಿಂದ ಆನೆಯಷ್ಟೇ ಅಲ್ಲ, ಮನುಷ್ಯರೂ ಸತ್ತಿದ್ದಾರೆ. ಮುಳ್ಳುತಂತಿಗೆ ಎನರ್ಜೈಸರನ್ನೂ ಜೋಡಿಸಬೇಡಿ: ಸಿಕ್ಕಿಕೊಂಡವರು ಸೆಕೆಂಡಿಗೊಂದು ಪಲ್ಸ್ ತಿನ್ನುತ್ತಲೇ ಇರಬೇಕಾಗುತ್ತದೆ. ತಲೆ, ಕುತ್ತಿಗೆ ತಂತಿಗೆ ತಾಗದಂತೆ ಎಚ್ಚರ.

ಬೇಸಿಗೆಯ ತೊಂದರೆಗೆ ಬಹುತೇಕ ಅರ್ಥಿಂಗ್ ಕಾರಣ. ಕರೆಂಟ್ ಮೈಯಿಂದ ನೆಲಕ್ಕಿಳಿದು ಡಬ್ಬಿಗೆ ಮರಳಬೇಕು. ಒಣ ನೆಲ ಆ ದಾರಿಯನ್ನು ಮುಚ್ಚುತ್ತದೆ. 6 ಅಡಿಯ ಮೂರು ಜಿಐ ರಾಡುಗಳನ್ನು 10 ಅಡಿ ಅಂತರದಲ್ಲಿ, ತೇವ ನಿಲ್ಲುವ ಜಾಗದಲ್ಲಿ ಹೂಳಿ. ಪರೀಕ್ಷೆ ಹೀಗೆ: ಡಬ್ಬಿಯಿಂದ 100 ಮೀಟರ್ ದೂರದಲ್ಲಿ ಕಬ್ಬಿಣದ ಸರಳುಗಳನ್ನು ತಂತಿಗೆ ಆನಿಸಿ ನೆಲಕ್ಕೆ ಊರುತ್ತಾ ಹೋಗಿ, ವೋಲ್ಟೇಜ್ 2 ಕಿಲೋವೋಲ್ಟಿಗಿಂತ ಕೆಳಗಿಳಿಯಲಿ. ಸರಳು ಇಡುವಾಗ, ತೆಗೆಯುವಾಗ ಡಬ್ಬಿ ಆಫ್ ಇರಲಿ. ಈಗ ಅರ್ಥ್ ರಾಡಿನ ಮೇಲೆ 0.3 ಕಿಲೋವೋಲ್ಟಿಗಿಂತ ಹೆಚ್ಚು ತೋರಿಸಿದರೆ ಇನ್ನೊಂದು ರಾಡ್ ಬೇಕು. ಅಳೆಯಲು ಬೇಲಿ ಮೀಟರನ್ನೇ ಬಳಸಿ, ಸಾಮಾನ್ಯ ಮಲ್ಟಿಮೀಟರ್ ಸುಟ್ಟುಹೋಗುತ್ತದೆ. ಮಳೆಗಾಲದ ತಂಟೆ ಬೇರೆ. ತಂತಿಗೆ ತಾಗಿದ ಹುಲ್ಲು, ಲಂಟಾನ ಕರೆಂಟನ್ನು ಸೋರಿಸುತ್ತವೆ, ಸವರಿಬಿಡಿ. ಇಷ್ಟೆಲ್ಲ ಮಾಡಿದರೂ ಸಲಗ ದಂತದಿಂದ ಕಂಬ ಕಿತ್ತು ಒಳಬರಬಹುದು, ದಂತಕ್ಕೆ ಶಾಕ್ ತಗಲುವುದಿಲ್ಲ.

ಪ್ರಶ್ನೆ: ಅಮ್ಮನಿಗೆ ಬೆಲ್ಸ್ ಪಾಲ್ಸಿಯಾಗಿ ಮುಖ ಸೊಟ್ಟಗಾಗಿದೆ. ಫಿಸಿಯೋಥೆರಪಿಯಲ್ಲಿ ಮೊದಲು ಜುಮುಜುಮು ಕರೆಂಟ್ ಕೊಟ್ಟರು, ಕೆನ್ನೆ ಅಲುಗಲೇ ಇಲ್ಲ. ಈಗ ಎರಡು ಸೆಕೆಂಡಿಗೊಮ್ಮೆ ನಿಧಾನವಾಗಿ ಕೊಡುತ್ತಿದ್ದಾರೆ, ಅಲುಗುತ್ತಿದೆ. ಮೊದಲ ಮಷೀನ್ ಕೆಟ್ಟಿತ್ತೇ?

ಉತ್ತರ: ಇಲ್ಲ. ಬೆಲ್ಸ್ ಪಾಲ್ಸಿಯಲ್ಲಿ ಮುಖದ ನರ ಕೈಕೊಟ್ಟಿರುತ್ತದೆ. ಮೊದಲನೆಯದು ಫ್ಯಾರಡಿಕ್ ಎಂಬ ಕರೆಂಟ್, 1 ಮಿಲಿಸೆಕೆಂಡ್ ಅಥವಾ ಅದಕ್ಕೂ ಚಿಕ್ಕ ಪಲ್ಸ್, ಅದಕ್ಕೆ ಸ್ಪಂದಿಸಲು ನರ ಬೇಕು. ನರ ಕೈಕೊಟ್ಟ ಸ್ನಾಯುವಿನ ಸ್ವಂತ ಕ್ರೋನಾಕ್ಸಿ 10 ಮಿಲಿಸೆಕೆಂಡಿಗೂ ಹೆಚ್ಚು. ಅದಕ್ಕೇ ಗ್ಯಾಲ್ವನಿಕ್: 100 ಮಿಲಿಸೆಕೆಂಡಿನ ಪಲ್ಸ್, ನಿಮಿಷಕ್ಕೆ 30. ಉದ್ದ ಪಲ್ಸ್‌ನ ಅಡ್ಡಿಯೆಂದರೆ ಚರ್ಮದಲ್ಲಿ ಕ್ಷಾರ, ಆಮ್ಲ ಹುಟ್ಟಿ ಸುಡಬಹುದು. ಪ್ಯಾಡ್ ದಪ್ಪಗಿರಲಿ, ಚೆನ್ನಾಗಿ ನೆನೆದಿರಲಿ, ಲೋಹ ಚರ್ಮಕ್ಕೆ ತಾಗದಿರಲಿ. ಉರಿದರೆ ಸಹಿಸಿಕೊಳ್ಳಬೇಡಿ, ತಕ್ಷಣ ಹೇಳಿ. ಆದರೆ ಸ್ನಾಯು ಅಲುಗಿತೆಂದರೆ ನರ ಬೆಳೆಯಿತೆಂದಲ್ಲ. ಈ ಕಾಯಿಲೆಯಲ್ಲಿ ಕರೆಂಟ್ ಚಿಕಿತ್ಸೆಯ ಲಾಭದ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲ. ಖಚಿತ ಪುರಾವೆ ಇರುವುದು 72 ಗಂಟೆಯೊಳಗೆ ವೈದ್ಯರ ಸಲಹೆಯಂತೆ ಶುರುಮಾಡುವ ಸ್ಟೀರಾಯ್ಡ್ ಮಾತ್ರೆಗೆ. ಕಣ್ಣು ಮುಚ್ಚಲಾಗದಿದ್ದರೆ ಹನಿ ಹಾಕುವುದನ್ನು, ರಾತ್ರಿ ಕಣ್ಣಿಗೆ ಟೇಪ್ ಹಚ್ಚುವುದನ್ನು ತಪ್ಪಿಸಬೇಡಿ.