ವೇಗ ಹೆಚ್ಚಿದಾಗ ಹೊಯ್ದಾಡುವ ರಿಮೋಟ್ ದೋಣಿ: ನಿಮ್ಮ ಪ್ರಶ್ನೆಗೆ ಪ್ರತಿಕ್ರಿಯೆ

ನಿಮ್ಮ 70 ಸೆಂಟಿಮೀಟರ್ ಉದ್ದದ, ವಿ ಆಕಾರದ ತಳವುಳ್ಳ ದೋಣಿಯು ಪೂರ್ಣ ವೇಗದಲ್ಲಿ ಎಡಬಲಕ್ಕೆ ಹೊಯ್ದಾಡುತ್ತದೆ, ಎಡಕ್ಕೆ ತಿರುಗಿಸಿದರೆ ಮಗುಚಿಕೊಳ್ಳುತ್ತದೆ ಎಂದು ಬರೆದಿದ್ದೀರಿ. ವೇಗ ಏರಿದಂತೆ ದೋಣಿಯ ಬಹುಭಾಗ ನೀರಿನಿಂದ ಮೇಲೆದ್ದು, ಹಿಂಬದಿಯ ಕಿರಿದಾದ ತಳದ ಮೇಲಷ್ಟೇ ಅದು ನಿಲ್ಲಬೇಕಾಗುವುದರಿಂದ ಈ ಹೊಯ್ದಾಟ ಹುಟ್ಟುತ್ತದೆ. ಆದ್ದರಿಂದ ಮೊದಲು ಗುರುತ್ವಕೇಂದ್ರವನ್ನು ಪರೀಕ್ಷಿಸಿ: ಬ್ಯಾಟರಿಯನ್ನು ಒಳಗಿಟ್ಟು ದೋಣಿಯನ್ನು ಎರಡು ಬೆರಳುಗಳ ಮೇಲೆ ನಿಲ್ಲಿಸಿದಾಗ, ಹಿಂತುದಿಯಿಂದ ಉದ್ದದ ಶೇಕಡಾ 30ರಷ್ಟು, ಅಂದರೆ ಸುಮಾರು 21 ಸೆಂಟಿಮೀಟರ್ ಮುಂದೆ ಅದು ಸಮತೂಕಕ್ಕೆ ಬರಬೇಕು. ಅದಕ್ಕಿಂತ ಹಿಂದಿದ್ದರೆ ಬ್ಯಾಟರಿಯನ್ನು ಒಮ್ಮೆಗೆ ಒಂದು ಸೆಂಟಿಮೀಟರ್‌ನಂತೆ ಮುಂದಕ್ಕೆ ಸರಿಸಿ, ಪ್ರತಿ ಸಲವೂ ಓಡಿಸಿ ನೋಡಿ. ಎರಡು ಬದಲಾವಣೆಗಳನ್ನು ಒಟ್ಟಿಗೆ ಮಾಡಿದರೆ ಯಾವುದು ಫಲಿಸಿತೆಂದು ತಿಳಿಯುವುದೇ ಇಲ್ಲ (ಹಾಗೆ ಮಾಡಿ ನಾನು ಒಂದು ಬೇಸಿಗೆಯನ್ನೇ ಕಳೆದಿದ್ದೇನೆ). ಪ್ರೊಪೆಲ್ಲರ್ ಶಾಫ್ಟನ್ನು ಹಿಡಿದಿರುವ ಸ್ಟ್ರಟ್ ತಳಕ್ಕೆ ಸಮಾನಾಂತರವಾಗಿರಲಿ. ಟ್ರಿಮ್ ಟ್ಯಾಬ್‌ಗಳನ್ನು (ಹಿಂತುದಿಯ ತಳದಂಚಿನಲ್ಲಿರುವ ಪುಟ್ಟ ತಗಡುಗಳು) ಕೂದಲೆಳೆಯಷ್ಟು ಮಾತ್ರ ಕೆಳಕ್ಕೆ ಬಾಗಿಸಿ. ಹೆಚ್ಚಾದರೆ ಮೂತಿ ನೀರಿಗೆ ತಗ್ಗಿ, ತಿರುವಿನಲ್ಲಿ ದೋಣಿ ತಟ್ಟನೆ ಗಿರಕಿ ಹೊಡೆಯಬಹುದು. ತಿರುವಿನಲ್ಲಿ ದೋಣಿ ಜಾರದಂತೆ ನೀರನ್ನು ಹಿಡಿಯುವ ತೆಳು ಹಲಗೆ, ಅಂದರೆ ಫಿನ್, ಬಲಬದಿಗೆ ಮಾತ್ರ ಇದ್ದರೆ ವೇಗದ ತಿರುವುಗಳನ್ನು ಬಲಕ್ಕೇ ತೆಗೆದುಕೊಳ್ಳಿ. ಎಡಕ್ಕೆ ಹೊರಳಿಸುವ ಮುನ್ನ ಥ್ರಾಟಲ್ ಇಳಿಸುವುದು ಅನಿವಾರ್ಯ.