ನನ್ನದು ಜೋರು ವೈರಸ್ಸೇನ್ರಿ ಡಾಕ್ಟ್ರೇ?

ಪ್ರಶ್ನೆ: ನಾನು, ನನ್ನ ಹೆಂಡ್ತಿ ಇಬ್ರೂ ಎಚ್‌ಐವಿ ಪಾಸಿಟಿವ್, ತಗೊಳ್ಳೋದು ಒಂದೇ ಗುಳಿಗಿ. ಆಕಿ ವೈರಲ್ ಲೋಡ್ (ರಕ್ತದಾಗಿನ ವೈರಸ್ ಪ್ರಮಾಣ) ಇಳದೈತಿ, ನನ್ನದು ಇಳಿದಿಲ್ಲ. ಮೊದ್ಲು ಮುಂಬೈದಾಗ ದುಡೀತಿದ್ದೆ, ಅದಕ್ಕ ನಿಂದು ಅಲ್ಲಿಯ ಜೋರು ವೈರಸ್ ಅಂತಾರ. ಯಾರಿಂದ ಯಾರಿಗೆ ಬಂತು ಅಂತ ಟೆಸ್ಟ್ ಮಾಡಿ ಹೇಳಬೋದಾ?
(ಹೆಸರು ಬೇಡ, ಗಂಗಾವತಿ)

ಉತ್ತರ: ಮುಂಬೈದ್ದು ಜೋರು, ಊರಿಂದು ಮೆತ್ತಗ ಅಂತ ಇಲ್ರಿ. ಎಚ್‌ಐವಿ-1ರಾಗ ಎ, ಬಿ, ಸಿ, ಡಿ ಅಂತ ಸಬ್‌ಟೈಪ್ (ಒಳಜಾತಿ) ಅದಾವ ಖರೆ, ಅಮೆರಿಕಾದಾಗ ಬಿ ಜಾಸ್ತಿ, ನಮ್ಮ ದೇಶದಾಗ ನೂರಕ್ಕ ತೊಂಬತ್ತಕ್ಕಿಂತ ಹೆಚ್ಚು ಮಂದಿಗೆ ಇರೋದು ಸಿ. ಈಗ ಕೊಡೋ ಡೊಲುಟೆಗ್ರಾವಿರ್ ಇರೋ ಗುಳಿಗಿ ಸಿ ಮ್ಯಾಲೂ ಕೆಲಸ ಮಾಡ್ತೈತಿ, ಬಿ ಮ್ಯಾಲೂ ಮಾಡ್ತೈತಿ. ಎಚ್‌ಐವಿ-2 ಅಂತ ಅಪರೂಪದ್ದೊಂದು ಐತಿ, ಎಫಾವಿರೆಂಜ್, ನೆವಿರಾಪಿನ್ ಅನ್ನೋ ಹಳೇ ಔಷಧ ಅದಕ್ಕ ಹತ್ತಂಗಿಲ್ಲ, ಡೊಲುಟೆಗ್ರಾವಿರ್ ಹತ್ತತೈತಿ.

ಊರಿಂದೂರಿಗೆ ಇರೋ ಫರಕ್ಕಿಗಿಂತ ನಿಮ್ಮ ಮೈಯೊಳಗ ಆಗೋ ಫರಕ್ ದೊಡ್ಡ ವಿಷಯ. ಈ ವೈರಸ್ ತನ್ನ ನಕಲು ಮಾಡ್ಕೊಳ್ಳುವಾಗ ತನ್ನ ಜೀನಿನ ಸುಮಾರು 9,700 ಅಕ್ಷರ ಬರೀಬೇಕು, ತಪ್ಪಾದ್ರ ತಿದ್ದೋ ವ್ಯವಸ್ಥಾ ಅದಕ್ಕಿಲ್ಲ, ಔಷಧ ಇಲ್ದಾಗ ದಿನಕ್ಕ ನೂರಾರು ಕೋಟಿ ಹೊಸ ವೈರಸ್ ಹುಟ್ತಾವ, ಹಂಗಾಗಿ ಒಬ್ಬನ ರಕ್ತದಾಗ ಬಗೆಬಗೆಯ ರೂಪ ಇರ್ತಾವ. ಗುಳಿಗಿ ಆಗಾಗ ತಪ್ಪಿದ್ರ ಔಷಧ ತಡ್ಕೊಳ್ಳೋ ರೂಪಗಳಷ್ಟೇ ಬದುಕಿ ಬೆಳೀತಾವ.

ನಿಮಗ ಅದೇ ಆಗೈತಿ ಅಂತ ಈಗ್ಲೇ ಹೇಳಾಕ ಬರಂಗಿಲ್ಲ. ಅಲ್ಯುಮಿನಿಯಂ, ಮೆಗ್ನೀಷಿಯಂ ಇರೋ ಗ್ಯಾಸಿನ ಗುಳಿಗಿ ಡೊಲುಟೆಗ್ರಾವಿರ್ ಜೊತಿಗೇ ನುಂಗಿದ್ರ, ಇಲ್ಲಾ ಕ್ಯಾಲ್ಸಿಯಂ, ಐರನ್ ಅದ್ರ ಜೊತಿಗೇ ಖಾಲಿ ಹೊಟ್ಯಾಗ ನುಂಗಿದ್ರ, ಡೊಲುಟೆಗ್ರಾವಿರ್ ರಕ್ತಕ್ಕ ಸರಿಯಾಗಿ ಸೇರಂಗಿಲ್ಲ, ಎಚ್‌ಐವಿ ಗುಳಿಗಿ ಎರಡು ತಾಸು ಮೊದ್ಲು ತಗೊಳ್ರಿ. ಟಿಬಿ ಔಷಧ ನಡದಿದ್ರ ಡೊಲುಟೆಗ್ರಾವಿರ್ ದಿನಕ್ಕ ಎರಡು ಸಲ ಬೇಕಾಗ್ತೈತಿ. ಎಚ್‌ಐವಿ ಔಷಧ ಕೊಡೋ ಎಆರ್‌ಟಿ ಸೆಂಟರ್‌ನ್ಯಾಗ ಇದೆಲ್ಲಾ ಹೇಳ್ರಿ, ಎಷ್ಟು ಡೋಸ್ ತಪ್ಪೈತಿ ಅನ್ನೋದನ್ನಂತೂ ಮುಚ್ಚಿಡಬ್ಯಾಡ್ರಿ. ಲೋಡ್ ಒಂದು ಎಂ.ಎಲ್. ರಕ್ತದಾಗ 1,000 ಕಾಪಿಗಿಂತ ಮ್ಯಾಲಿದ್ರ ಗುಳಿಗಿ ಸರಿಯಾಗಿ ತಗೊಂಡು ಮೂರು ತಿಂಗಳ ಮ್ಯಾಲೆ ಮತ್ತ ನೋಡ್ತಾರ, ಆಮ್ಯಾಗ ಔಷಧ ಬದಲಿಸೋ ಮಾತು.

ಯಾರಿಂದ ಯಾರಿಗೆ ಅನ್ನೋದು ಮನಸ್ಸಿಗೆ ನೋವಾಗೋ ಪ್ರಶ್ನೆ, ಗೊತ್ತೈತ್ರಿ. ಇಬ್ಬರ ವೈರಸ್ಸಿನ ಅಕ್ಷರ ಹೋಲಿಸಿದ್ರ ಹತ್ತಿರದ್ದೋ ದೂರದ್ದೋ ಅಂತ ತಿಳೀತೈತಿ, ಯಾರು ಮೊದ್ಲು ಅಂತ ಖಚಿತ ಮಾಡಾಕ ಆಗಂಗಿಲ್ಲ. ಆ ಜಗಳಕ್ಕ ರೊಕ್ಕ ಸುರೀಬ್ಯಾಡ್ರಿ, ಮನೆಯವರ ಮುಂದ ಆಕೀನ ತಪ್ಪಿತಸ್ಥೆ ಮಾಡಾಕೂ ಬಿಡಬ್ಯಾಡ್ರಿ.

ಇನ್ನೊಂದು ನೀವು ಕೇಳಿಲ್ಲ, ಆದ್ರ ಹೇಳಬೇಕು. ಇಬ್ರಿಗೂ ಐತಲ್ಲ ಅಂತ ನಿರೋಧ್ ಬಿಡಬ್ಯಾಡ್ರಿ. ನಿಮ್ಮ ಲೋಡ್ ಇಳಿಯೋತನಕ ನಿಮ್ಮಲ್ಲಿ ಔಷಧ ತಡ್ಕೊಳ್ಳೋ ವೈರಸ್ ಇದ್ರ ಅದು ಆಕೀಗೂ ಹೋಗಬೋದು, ಆವಾಗ ಆಕೀ ಗುಳಿಗೀನೂ ಕೆಲಸ ಬಿಡಬೋದು.