ಕೊಲೊ ಟೂರೆಗೆ ಒಂದೇ ಸಾಲು ಸಾಕಾಗಿರಲಿಲ್ಲ

ಮೇಷ್ಟ್ರಿಗೆ ನಮಸ್ಕಾರ.

ನಿಮ್ಮ ನಾಲ್ಕು ಪುಟದ ಪತ್ರ ತಲುಪಿತು. ಉಳಿದ ಓದುಗರಿಗೂ ವಿಷಯ ತಿಳಿಯಲಿ ಅಂತ ಅದರಲ್ಲಿ ಏನಿತ್ತು ಅಂತ ಮೊದಲು ಹೇಳಿಬಿಡುತ್ತೇನೆ. ಪಶ್ಚಿಮ ಆಫ್ರಿಕಾದ ಫುಟ್‌ಬಾಲ್ ಆಟಗಾರರ ಬಗ್ಗೆ ನಾವು ಪ್ರಕಟಿಸಿದ ಲೇಖನದಲ್ಲಿ ದ್ರೋಗ್ಬಾಗೆ ಎರಡು ಪುಟ ಕೊಟ್ಟಿದ್ದೆವು, ಯಾಯಾ ಟೂರೆಗೆ ಒಂದು. ಕೊಲೊ ಟೂರೆಗೆ ಸಿಕ್ಕಿದ್ದು ಒಂದೇ ಸಾಲು: 'ಯಾಯಾನ ಅಣ್ಣ, ಹುಟ್ಟಿನಿಂದಲೇ ಬಲಶಾಲಿಯಾದ ಡಿಫೆಂಡರ್.' ನೀವು ಶಾಲೆಯಲ್ಲಿ ಪಿ.ಟಿ. ಮೇಷ್ಟ್ರು. ನಿಮ್ಮ ತಂಡದ ಎಲ್ಲ ಹುಡುಗರಿಗೂ ಗೋಲು ಹೊಡೆಯುವ ಆಸೆ. ಹಿಂದೆ ನಿಲ್ಲು ಅಂದರೆ ಮುಖ ಸಪ್ಪಗಾಗುತ್ತದೆ. ಪತ್ರಿಕೆಯವರೇ ಹೀಗೆ ಬರೆದರೆ ನಾನು ಆ ಹುಡುಗರಿಗೆ ಏನು ಹೇಳಲಿ ಅಂತ ಕೇಳಿದ್ದೀರಿ. ಜೊತೆಗೆ ಇನ್ನೊಂದು ಪ್ರಶ್ನೆ: ಲಿವರ್‌ಪೂಲ್‌ನಲ್ಲಿ ಅಷ್ಟೊಂದು ತಪ್ಪು ಮಾಡಿದ, ಮಾತ್ರೆ ನುಂಗಿ ನಿಷೇಧಕ್ಕೆ ಒಳಗಾದ ಆಟಗಾರನ ಕಥೆಯನ್ನು ಮಕ್ಕಳಿಗೆ ಹೇಳಬಹುದಾ?

ಮೊದಲನೆಯ ವಿಷಯದಲ್ಲಿ ತಪ್ಪು ನಮ್ಮದೇ. ಆ ಸಾಲು ಚಿಕ್ಕದಾಗಿತ್ತು ಅನ್ನೋದಕ್ಕಿಂತ, ಅದರಲ್ಲಿದ್ದ 'ಹುಟ್ಟಿನಿಂದಲೇ' ಅನ್ನುವ ಮಾತು ನನಗೆ ಈಗ ಜಾಸ್ತಿ ನೋವು ಕೊಡುತ್ತದೆ. ಆಫ್ರಿಕಾದ ಡಿಫೆಂಡರ್ ಅಂದ ಕೂಡಲೇ ಮೈಕಟ್ಟು, ಬಲ, ಓಟ ಅಂತ ಬರೆದುಬಿಡುತ್ತೇವೆ. ಅವರು ಕಲಿತದ್ದರ ಬಗ್ಗೆ ಬರೆಯುವುದೇ ಇಲ್ಲ.

ಕೊಲೊ ಹುಟ್ಟಿದ್ದು 1981ರಲ್ಲಿ, ಐವರಿ ಕೋಸ್ಟ್‌ನ ಬುವಾಕೆ ನಗರದಲ್ಲಿ. ಆಟ ಕಲಿತದ್ದು ಅಬಿಜಾನ್‌ನಲ್ಲಿ, ಆಸೆಕ್ ಮಿಮೋಸಾ ಕ್ಲಬ್ಬಿನ ಅಕಾಡೆಮಿಯಲ್ಲಿ. ಫ್ರಾನ್ಸ್‌ನ ಹಳೆಯ ಆಟಗಾರ ಜಾನ್ ಮಾರ್ಕ್ ಗಿಯೂ 1990ರ ದಶಕದಲ್ಲಿ ಕಟ್ಟಿದ ಜಾಗ ಅದು. ಅಲ್ಲಿ ಮಕ್ಕಳನ್ನು ಬರಿಗಾಲಲ್ಲಿ ಆಡಿಸುತ್ತಿದ್ದರು. ಬೂಟಿಗೆ ದುಡ್ಡಿಲ್ಲ ಅಂತ ಅಲ್ಲ, ಚೆಂಡು ಹೇಗೆ ತಾಗುತ್ತದೆ ಅಂತ ಕಾಲಿಗೆ ನೇರವಾಗಿ ಗೊತ್ತಾಗಬೇಕು ಅನ್ನುವುದು ಗಿಯೂ ಅವರ ಪದ್ಧತಿ. ಆಟದ ಜೊತೆಗೆ ಓದೂ ಅಲ್ಲೇ. ಯಾಯಾ, ಜೊಕೊರಾ, ಎಬುವೆ, ಸಾಲೊಮನ್ ಕಲು, ಗೋಲ್ ಕೀಪರ್ ಬುಬಕರ್ ಬ್ಯಾರಿ, ಎಲ್ಲರೂ ಆ ಒಂದೇ ಅಂಗಳದಲ್ಲಿ ಬೆಳೆದವರು. 1999ರಲ್ಲಿ ಆಸೆಕ್ ಅಕಾಡೆಮಿಯ ಹುಡುಗರನ್ನೇ ಇಳಿಸಿ, ಟುನೀಶಿಯಾದ ಎಸ್ಪೆರಾನ್ಸ್ ತಂಡವನ್ನು 3–1ರಿಂದ ಸೋಲಿಸಿ ಆಫ್ರಿಕಾದ ಸೂಪರ್ ಕಪ್ ಗೆದ್ದಿತು. ಆಗ ಕೊಲೊಗೆ ಇನ್ನೂ 18 ತುಂಬಿರಲಿಲ್ಲ. ಅವರು ಡಿಫೆಂಡರ್ ಕೂಡ ಆಗಿರಲಿಲ್ಲ, ಮಿಡ್‌ಫೀಲ್ಡರ್ ಆಗಿದ್ದರು.

ಗಿಯೂ ಕಾನ್ ಕ್ಲಬ್ಬಿಗೆ ಕೋಚ್ ಆಗಿದ್ದಾಗ ಅವರ ಕೈಕೆಳಗೆ ಕೆಲಸ ಮಾಡಿದ್ದವರು ಆರ್ಸೆನ್ ವೆಂಗರ್. ಮುಂದೆ ಅದೇ ವೆಂಗರ್ ಆರ್ಸೆನಲ್ ಕೋಚ್ ಆದರು, ಕೊಲೊ ಟ್ರಯಲ್‌ಗೆ ಅಂತ ಲಂಡನ್‌ಗೆ ಬಂದರು. ಆ ದಿನದ ಕಥೆಯನ್ನು ಆರ್ಸೆನಲ್‌ನ ಹಳೆಯ ಆಟಗಾರ ರೇ ಪಾರ್ಲರ್ ಎಷ್ಟೋ ಸಲ ಹೇಳಿದ್ದಾರೆ. ಹುಡುಗ ಮೊದಲು ತಂಡದ ಸ್ಟಾರ್ ಫಾರ್ವರ್ಡ್ ತಿಯೆರಿ ಆನ್ರಿಯನ್ನು ಟ್ಯಾಕಲ್ ಮಾಡಿ ಕೆಡವಿದ, ಆಮೇಲೆ ಇನ್ನೊಬ್ಬ ಸ್ಟಾರ್ ಬರ್ಗ್‌ಕ್ಯಾಂಪ್‌ರನ್ನು. ಕೊನೆಗೆ ಚೆಂಡು ವೆಂಗರ್ ಹತ್ತಿರ ಉರುಳಿದಾಗ ಅವರನ್ನೂ ಬಿಡಲಿಲ್ಲ. ವೆಂಗರ್ ಕುಂಟುತ್ತಾ ಹೋಗಿ ಕಾಲಿಗೆ ಐಸ್ ಇಟ್ಟುಕೊಂಡು ಕೂತರಂತೆ. ಹುಡುಗನ ಹಂಬಲ ಇಷ್ಟವಾಯಿತು, ತಗೊಳ್ಳೋಣ ಅಂದರಂತೆ. ಫೆಬ್ರವರಿ 2002ರಲ್ಲಿ ಆಸೆಕ್‌ಗೆ ಸುಮಾರು 1.5 ಲಕ್ಷ ಪೌಂಡ್ ಕೊಟ್ಟು ಕರೆದುಕೊಂಡರು. ಆ ಕಾಲದಲ್ಲೂ ಅದು ಚಿಲ್ಲರೆ ದುಡ್ಡು.

ಮೊದಲ ಪಂದ್ಯ ಸಿಕ್ಕಿದ್ದು ಆಗಸ್ಟ್‌ನಲ್ಲಿ. ಮುಂದಿನ ತಿಂಗಳೇ ಅವರ ದೇಶದಲ್ಲಿ ಅಂತರ್ಯುದ್ಧ ಶುರುವಾಗಿ, ಹುಟ್ಟೂರು ಬುವಾಕೆ ಬಂಡುಕೋರರ ಕೈ ಸೇರಿತು. ಇಂಥ ಸುದ್ದಿ ಕೇಳುತ್ತಾ 21 ವರ್ಷದ ಹುಡುಗ ಇಂಗ್ಲೆಂಡಿನ ಚಳಿಯಲ್ಲಿ ಒಂದು ವಾರ ರೈಟ್ ಬ್ಯಾಕ್, ಇನ್ನೊಂದು ವಾರ ಮಿಡ್‌ಫೀಲ್ಡ್ ಅಂತ ಎಲ್ಲಿ ನಿಲ್ಲಿಸಿದರೆ ಅಲ್ಲಿ ಆಡುತ್ತಿದ್ದರು.

2003ರ ಬೇಸಿಗೆಯ ಅಭ್ಯಾಸ ಪಂದ್ಯಗಳಲ್ಲಿ ವೆಂಗರ್ ಅವರನ್ನು ಸೆಂಟರ್ ಬ್ಯಾಕ್ ಜಾಗದಲ್ಲಿ, ಅಂದರೆ ಗೋಲಿನ ಮುಂದೆ ನಡುವೆ ನಿಲ್ಲುವ ಡಿಫೆಂಡರ್ ಆಗಿ, ಸೋಲ್ ಕ್ಯಾಂಪ್‌ಬೆಲ್ ಪಕ್ಕ ನಿಲ್ಲಿಸಿದರು. ಇಲ್ಲಿ ಎರಡು ಸಂಖ್ಯೆ ನೋಡಿ ಮೇಷ್ಟ್ರೇ. ಅದರ ಹಿಂದಿನ ಸೀಸನ್‌ನ 38 ಲೀಗ್ ಪಂದ್ಯಗಳಲ್ಲಿ ಆರ್ಸೆನಲ್ ಬಿಟ್ಟುಕೊಟ್ಟ ಗೋಲು 42. 2003–04ರಲ್ಲಿ ಬಿಟ್ಟುಕೊಟ್ಟಿದ್ದು 26. ಗೋಲ್ ಕೀಪರ್ ಕೂಡ ಬದಲಾಗಿದ್ದರು, ಹಾಗಾಗಿ ಕೊಲೊ ಒಬ್ಬರಿಂದಲೇ ಆಯಿತು ಅಂತ ನಾನು ಹೇಳಲ್ಲ. ಆದರೆ ಆ 38ರಲ್ಲಿ 37 ಪಂದ್ಯ ಆಡಿದವರು ಅವರು. ಆರ್ಸೆನಲ್ 26 ಗೆದ್ದು, 12 ಡ್ರಾ ಮಾಡಿಕೊಂಡು, ಒಂದೂ ಸೋಲದೆ ಲೀಗ್ ಮುಗಿಸಿತು. ಎಲ್ಲರೂ ಆನ್ರಿಯ ಗೋಲುಗಳನ್ನು ನೆನಪಿಟ್ಟುಕೊಂಡರು, ನಾವೂ ಅಷ್ಟೇ ಮಾಡಿದೆವು. ಗೋಲು ಹೊಡೆದರೆ ಪಂದ್ಯ ಗೆಲ್ಲಬಹುದು ನಿಜ. ಆದರೆ ಇಡೀ ವರ್ಷ ಸೋಲಬಾರದು ಅಂದರೆ ಹಿಂದೆ ಗಟ್ಟಿಯಾಗಿ ನಿಲ್ಲುವವರು ಬೇಕು, ಅಲ್ವಾ?

ನಿಮ್ಮ ಹುಡುಗರಿಗೆ ಗೋಲೇ ಬೇಕು ಅಂದರೆ ಅದೂ ಇದೆ. ಏಪ್ರಿಲ್ 2006ರಲ್ಲಿ ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನ ಮೊದಲ ಪಂದ್ಯದಲ್ಲಿ ವಿಯ್ಯಾರಿಯಲ್ ಎದುರು ಆರ್ಸೆನಲ್ 1–0ರಿಂದ ಗೆದ್ದಿತು. ಆರ್ಸೆನಲ್‌ನ ಹಳೆಯ ಹೈಬರಿ ಮೈದಾನದಲ್ಲಿ ನಡೆದ ಕೊನೆಯ ಯುರೋಪಿಯನ್ ಪಂದ್ಯ ಅದು. ಆ ಒಂದು ಗೋಲು ಕೊಲೊ ಅವರದು. ಎರಡನೇ ಪಂದ್ಯದಲ್ಲಿ ಗೋಲೇ ಬರಲಿಲ್ಲ, ಹಾಗಾಗಿ ಆರ್ಸೆನಲ್ ಫೈನಲ್ ತಲುಪಿದ್ದೇ ಈ ಡಿಫೆಂಡರ್ ಹೊಡೆದ ಗೋಲಿನಿಂದ. ಪ್ಯಾರಿಸ್‌ನ ಫೈನಲ್‌ನಲ್ಲಿ ಬಾರ್ಸಿಲೋನಾ ಎದುರು 2–1ರಿಂದ ಸೋತರು.

ಈಗ ನಿಮ್ಮ ಎರಡನೇ ಪ್ರಶ್ನೆ. 2009ರಲ್ಲಿ ಅವರು ಮ್ಯಾಂಚೆಸ್ಟರ್ ಸಿಟಿಗೆ ಹೋಗಿ ನಾಯಕರೂ ಆದರು. 2011ರಲ್ಲಿ ಉದ್ದೀಪನ ಮದ್ದು ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ತೂಕ ಇಳಿಸೋಕೆ ಅಂತ ಹೆಂಡತಿಯ ಮಾತ್ರೆ ತೆಗೆದುಕೊಂಡಿದ್ದರು. ಆಟದಲ್ಲಿ ಮೋಸ ಮಾಡುವ ಉದ್ದೇಶ ಇರಲಿಲ್ಲ ಅಂತ ವಿಚಾರಣೆಯಲ್ಲಿ ಒಪ್ಪಿದರೂ ಆರು ತಿಂಗಳ ನಿಷೇಧ ತಪ್ಪಲಿಲ್ಲ. ಇದನ್ನು ಮಕ್ಕಳಿಂದ ಮುಚ್ಚಿಡಬೇಡಿ. ಮನೆಯಲ್ಲಿರುವ ಮಾತ್ರೆ ಅಂತ ಸುಮ್ನೆ ನುಂಗಿದರೆ ಏನಾಗುತ್ತದೆ ಅಂತ ಅವರಿಗೂ ಗೊತ್ತಾಗಲಿ.

ಲಿವರ್‌ಪೂಲ್‌ನ ತಪ್ಪುಗಳ ಬಗ್ಗೆ ಮಾತ್ರ ನಾನು ಸ್ವಲ್ಪ ನಿಂತು ಮಾತಾಡಬೇಕು.

2014ರ ಫೆಬ್ರವರಿ 2. ಆಗ ಕೊಲೊ ಲಿವರ್‌ಪೂಲ್‌ನಲ್ಲಿದ್ದರು. ವೆಸ್ಟ್ ಬ್ರಾಮ್ ಎದುರು ಲಿವರ್‌ಪೂಲ್ 1–0ರಿಂದ ಮುಂದಿತ್ತು. ಕೊಲೊ ತಮ್ಮ ಗೋಲಿನ ಮುಂದೆಯೇ ಅಡ್ಡಕ್ಕೆ ಒಂದು ಪಾಸ್ ಕೊಟ್ಟರು. ಅದು ನೇರ ಎದುರಾಳಿ ಆನಿಚೆಬೆಯ ಕಾಲಿಗೆ ಹೋಯಿತು, ಗೋಲಾಯಿತು, ಪಂದ್ಯ ಡ್ರಾ. ಹತ್ತು ದಿನ ಬಿಟ್ಟು ಫುಲಂ ಎದುರು ಸ್ವಂತ ಗೋಲು, ಅಂದರೆ ಚೆಂಡು ಅವರಿಂದಲೇ ತಮ್ಮ ತಂಡದ ಗೋಲಿಗೆ ಹೋಯಿತು. ಆ ವರ್ಷ ಲಿವರ್‌ಪೂಲ್‌ಗೆ ಲೀಗ್ ತಪ್ಪಿದ್ದು ಎರಡೇ ಅಂಕದಿಂದ. ಜನ ಆ ಎರಡು ಅಂಕವನ್ನು ಕೊಲೊ ತಲೆಗೆ ಕಟ್ಟಿದರು. ಇದು ನ್ಯಾಯ ಅಲ್ಲ ಅಂತ ನನ್ನ ಅಭಿಪ್ರಾಯ. ಅಂಕ ಸಮವಾಗಿದ್ದರೂ ಗೋಲುಗಳ ಲೆಕ್ಕದಲ್ಲಿ, ಲೀಗ್ ಗೆದ್ದ ಮ್ಯಾಂಚೆಸ್ಟರ್ ಸಿಟಿಯೇ ಮುಂದಿತ್ತು. ಫಾರ್ವರ್ಡ್ ಐದು ಅವಕಾಶ ಕೆಡಿಸಿ ಒಂದು ಗೋಲು ಹೊಡೆದರೆ ಹೀರೊ. ಡಿಫೆಂಡರ್ ಎಂಬತ್ತು ನಿಮಿಷ ಸರಿಯಾಗಿ ಆಡಿ ಒಂದೇ ಒಂದು ಪಾಸ್ ತಪ್ಪಿದರೆ ಅದೇ ಅವನ ಹೆಸರಾಗಿಬಿಡುತ್ತದೆ. ನಿಮ್ಮ ಹುಡುಗರು ಹಿಂದೆ ನಿಲ್ಲೋಕೆ ಹೆದರುವುದು ಇದಕ್ಕೇ ಇರಬಹುದು.

ಅದೇ ವರ್ಷ ಜೂನ್ 19. ಬ್ರೆಜಿಲ್‌ನಲ್ಲಿ ವಿಶ್ವಕಪ್, ಐವರಿ ಕೋಸ್ಟ್ ಕೊಲಂಬಿಯಾಗೆ ಸೋತ ದಿನ. ಕೊಲೊ ಅವರ ಕಿರಿಯ ತಮ್ಮ ಇಬ್ರಾಹಿಂ ಕ್ಯಾನ್ಸರ್‌ನಿಂದ ತೀರಿಕೊಂಡ ಸುದ್ದಿ ಮ್ಯಾಂಚೆಸ್ಟರ್‌ನಿಂದ ಬಂತು. ಇನ್ನೂ 28 ವರ್ಷ. ಕೊಲೊ, ಯಾಯಾ ಇಬ್ಬರೂ ತಂಡದ ಜೊತೆಗೇ ಉಳಿದರು. ಐದು ದಿನದ ನಂತರ ಗ್ರೀಸ್ ಎದುರು ಇಬ್ಬರೂ ಆಡಿದರು. ಕೊನೆಯ ಗಳಿಗೆಯ ಪೆನಾಲ್ಟಿಯಿಂದ ಆ ಪಂದ್ಯವೂ ಕೈ ತಪ್ಪಿತು.

ಮತ್ತೆ ಫೆಬ್ರವರಿ ಬಂತು. 2015ರ 8ನೇ ತಾರೀಕು, ಇಕ್ವಟೋರಿಯಲ್ ಗಿನಿಯ ಬಾಟಾ ನಗರ, ಆಫ್ರಿಕಾ ಕಪ್ ಫೈನಲ್, ಎದುರಾಳಿ ಘಾನಾ. 120 ನಿಮಿಷ ಆಡಿದರೂ ಗೋಲಿಲ್ಲ, ಪೆನಾಲ್ಟಿಗೆ ಹೋಯಿತು. ಕೊಲೊಗೆ ಇದು ಹೊಸದಲ್ಲ. 2006ರ ಫೈನಲ್‌ನಲ್ಲಿ ಈಜಿಪ್ಟ್ ಎದುರು ಪೆನಾಲ್ಟಿಯಲ್ಲೇ ಸೋತಿದ್ದರು. 2012ರಲ್ಲಿ ಜಾಂಬಿಯಾ ಎದುರೂ ಹಾಗೇ. ಅವತ್ತು ಎರಡೂ ತಂಡದ ಮೊದಲ ಏಳು ಜನ ಗೋಲು ಹೊಡೆದಿದ್ದರು, ಎಂಟನೆಯವರಾಗಿ ಬಂದ ಕೊಲೊ ಒದೆತವನ್ನು ಕೀಪರ್ ತಡೆದಿದ್ದ. ಆ ದಿನ ಜಾಂಬಿಯಾ ಕೋಚ್ ಆಗಿದ್ದ ಎರ್ವೆ ರನಾರ್ 2015ರಲ್ಲಿ ಐವರಿ ಕೋಸ್ಟ್ ಕೋಚ್ ಆಗಿದ್ದರು. ಬಾಟಾದಲ್ಲಿ ತಂಡದ ಮೊದಲ ಎರಡು ಒದೆತ ವ್ಯರ್ಥವಾಯಿತು. ಜೆರ್ವಿನೊ ನೋಡಲಾಗದೆ ಬೆನ್ನು ತಿರುಗಿಸಿ ಕೂತರು. ಕೊಲೊ ನಡೆದು ಬಂದರು, ಒದ್ದರು, ಗೋಲು. ಕೊನೆಗೆ ಅಕಾಡೆಮಿಯ ಹಳೆಯ ಗೆಳೆಯ ಬ್ಯಾರಿ ಘಾನಾದ ಕೀಪರ್ ಒದೆತ ತಡೆದು, ತಾನೇ ಒದ್ದು, 9–8ರಿಂದ ಕಪ್ ಗೆಲ್ಲಿಸಿದರು.

ಆಮೇಲಿನದನ್ನು ಬೇಗ ಹೇಳುತ್ತೇನೆ. 2016ರಲ್ಲಿ ಸ್ಕಾಟ್ಲೆಂಡಿನ ಸೆಲ್ಟಿಕ್ ಸೇರಿದರು. ಜಾಸ್ತಿ ಪಂದ್ಯ ಆಡಲಿಲ್ಲ, ಆದರೆ ಆ ತಂಡವೂ ಒಂದೂ ಸೋಲದೆ ಲೀಗ್ ಗೆದ್ದಿತು. ನಂತರ ಕೋಚ್ ಆದರು. ವಿಗನ್ ಕ್ಲಬ್ಬಿನಲ್ಲಿ ಒಂಬತ್ತು ಪಂದ್ಯದಲ್ಲಿ ಒಂದೂ ಗೆಲ್ಲದೆ ಜನವರಿ 2023ರಲ್ಲಿ ಕೆಲಸ ಕಳೆದುಕೊಂಡರು.

ಖಂಡಿತ ಮಕ್ಕಳಿಗೆ ತೋರಿಸಿ ಮೇಷ್ಟ್ರೇ. ಮೊದಲು ವೆಸ್ಟ್ ಬ್ರಾಮ್ ಎದುರಿನ ಆ ಪಾಸ್ ತೋರಿಸಿ, ಆಮೇಲೆ ಬಾಟಾದ ಪೆನಾಲ್ಟಿ. ನಡುವೆ ಒಂದು ವರ್ಷ, ಆರು ದಿನ ಇದೆ ಅಂತ ಹೇಳಿ. ಕೊಲೊ ಬಗ್ಗೆ ಪೂರ್ತಿ ಲೇಖನವನ್ನು ಮುಂದಿನ ತಿಂಗಳು ಹಾಕುತ್ತಿದ್ದೇವೆ. ಅಷ್ಟರಲ್ಲಿ ಹಿಂದೆ ನಿಲ್ಲೋಕೆ ಯಾರಾದರೂ ಹುಡುಗ ಒಪ್ಪಿದರೆ ಒಂದು ಕಾರ್ಡ್ ಬರೆದು ತಿಳಿಸಿ.

— ಸಂಪಾದಕ